ಅತ್ತೆ ತುಂಬಿದ ಉಡಿ

ಅವ್ವಾ,

ನೀನಿದ್ದಿದ್ದರೆ ಬಸವಕಲ್ಯಾಣಕ್ಕೆ ಫೋನ್ ಹಚ್ಚಿ ಇದನ್ನು ಮೊದಲು ನಿನಗೇ ಹೇಳುತ್ತಿದ್ದೆ. ಇವತ್ತು ಹುಮನಾಬಾದಿನ ಮನೆಯಲ್ಲಿ ಅತ್ತೆ ನನ್ನ ಉಡಿ ತುಂಬಿದರು.

ಎರಡು ತಿಂಗಳಿಂದ ನಾನು ಮುಟ್ಟಾಗದಿರುವುದನ್ನು ಅವರು ನೋಡಿಕೊಂಡೇ ಇದ್ದರಂತೆ. ನನಗಿರುವ ಪಿಸಿಓಡಿಯಿಂದ, ಬಸಿರಿಲ್ಲದಿದ್ದರೂ ಮುಟ್ಟು ಹೀಗೆ ತಪ್ಪುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ನಾನು ಅತ್ತೆಗೆ ಹೇಳಿರಲಿಲ್ಲ. ಆದರೂ ಆಸೆ ಕೇಳಬೇಕಲ್ಲ, ಬೆಳಿಗ್ಗೆ ಮತ್ತೆ ಪರೀಕ್ಷೆ ಮಾಡಿಕೊಂಡೆ. ಒಂದೇ ಗೆರೆ ಬಂತು. ಏನೂ ಇಲ್ಲ. ಮುಖ ತೊಳೆದು ಬಚ್ಚಲಿನಿಂದ ಹೊರಬಂದರೆ ಅತ್ತೆ ಮಣೆ ಹಾಕಿ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಖಣ ಇಟ್ಟುಕೊಂಡು ಕಾಯುತ್ತಿದ್ದರು.

"ಬಾ ಅಂಬಿಕಾ, ಕುಂದ್ರು. ನೀ ಹೇಳದಿದ್ರ ನನಗ ತಿಳಿಯಂಗಿಲ್ಲೇನು?"

"ಅತ್ತೀ, ಹಂಗೇನಿಲ್ರಿ..."

"ನಾಚಬ್ಯಾಡ. ಸೆರಗ ಹಿಡಿ."

ಹಿಡಿದೆ. ಅಕ್ಕಿ ಹಾಕುವಾಗ ಅವರು ಸಂತೋಷಕ್ಕೆ ಸೋಬಾನೆ ಪದ ಗುನುಗುತ್ತಿದ್ದರು. ನಾನು ಸೆರಗನ್ನು ಇನ್ನಷ್ಟು ಅಗಲ ಮಾಡಿ ಹಿಡಿದೆ.

ಹತ್ತನೇ ಕ್ಲಾಸಿನಲ್ಲಿ ತಿಂಗಳುಗಟ್ಟಲೆ ನನಗೆ ಮುಟ್ಟು ಬಾರದಿದ್ದಾಗ ನೀನು, "ಚಲೋನೇ ಆತ್ ಬಿಡು, ಪರೀಕ್ಷಾದಾಗ ತ್ರಾಸಿಲ್ಲ" ಅಂದಿದ್ದೆ, ನೆನಪಿದೆಯಾ? ಇಬ್ಬರೂ ನಕ್ಕಿದ್ದೆವು.

ಈಗ ದೇವರ ಮುಂದೆ ಉಡಿ ಬಿಚ್ಚಬೇಕು. ಬಿಚ್ಚಲು ಕೈ ಬರುತ್ತಿಲ್ಲ. ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಅಕ್ಕಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾರೆ:

"ಹೆಣ್ಣಾದ್ರ ನಮ್ಮ ಬೀಗತಿ ಹೆಸರೇ ಇಡತೀವ್ರಿ. ಮಹಾನಂದಾ ಅಂತ."