ಮೇಲಿನ ಕೊಳದ ಅಂಕಿ

ಕೊಳದ ಮನೆ,
ಫೆಬ್ರವರಿಯ ಕೊನೆಯ ಭಾನುವಾರ

ನನ್ನ ಮೇಲೆ ಕೆಂಡವಾಗಿರುವ ಅಕ್ಕನಿಗೆ,

ನಿನ್ನ ಕಾಗದ ಮೊನ್ನೆ ಸಿಕ್ಕಿತು. "ನನ್ನಪ್ಪನ ಹೊಟ್ಟೆಯ ಮೇಲೆ ಹೊಡೆದೆ, ಸಾಕಿ ಬೆಳೆಸಿದ್ದಕ್ಕೆ ಚೆನ್ನಾಗಿ ತೀರಿಸಿದೆ" ಎಂದು ಬರೆದಿದ್ದೀಯ. ನಿನ್ನ ಜಾಗದಲ್ಲಿದ್ದರೆ ನಾನು ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆನೋ ಏನೋ. ಬೇಕರಿಯವನು ನಿನಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿಯೂ ಎಲ್ಲರಿಗೂ ಹೇಳುತ್ತಾನೆ. ಉತ್ತರ ಬರೆಯುವುದೇ ಬೇಡ ಎಂದುಕೊಂಡಿದ್ದೆ. ನಿನ್ನೆ ಒಂದು ಸಂಗತಿ ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ಪಾಳಿ ಮುಗಿಸಿ ಮನೆಗೆ ಬಂದು, ಬಸ್ಸಿನ ಸದ್ದು ಕಿವಿಯಿಂದ ಇಳಿದ ಮೇಲೆ ಇದನ್ನು ಓದು.

ನೀನು ಇಲ್ಲಿಂದ ಹೋಗುವಾಗ ನಾಲ್ಕು ಕೊಳದ ಮೂರು ಮನೆತನದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲಕ್ಕಿಂತ ಮೇಲೆ ನಿನ್ನಪ್ಪನ, ಅಂದರೆ ನನ್ನ ದೊಡ್ಡಪ್ಪನ ಕೊಳ, ಅದರ ಕೆಳಗೆ ನನ್ನಪ್ಪ ಬಿಟ್ಟುಹೋದ ನನ್ನ ಕೊಳ, ಆಮೇಲೆ ಬೇಕರಿಯವನದು, ಕೊನೆಗೆ ಕಂಪೌಂಡರ್ ಅವರದು. ನೀರು ಮಾತ್ರ ಯಾರ ಜಗಳಕ್ಕೂ ಕಿವಿಗೊಡದೆ ತೂಬಿನಿಂದ ತೂಬಿಗೆ ಇಳಿಯುತ್ತಿತ್ತು. ಹೋದ ಚಳಿಗಾಲ ಕಂಪೌಂಡರ್ ಅವರ ಗೆಂಡೆ ಮೀನುಗಳೆಲ್ಲ ಮಂಜುಗಡ್ಡೆಯ ಅಡಿಯಲ್ಲೇ ಉಸಿರುಕಟ್ಟಿ ಸತ್ತವು. ಗಡ್ಡೆ ಕರಗುವ ತನಕ ಅವರಿಗೆ ಗೊತ್ತೇ ಆಗಲಿಲ್ಲ. ಗಡ್ಡೆಯ ಮೇಲೆ ಹಿಮ ಕೂತರೆ ಬೆಳಕು ಒಳಗಿಳಿಯುವುದಿಲ್ಲ, ನೀರಿನೊಳಗಿನ ಪಾಚಿ ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತದೆ, ಇದ್ದಬದ್ದದ್ದನ್ನು ತಳದ ಕೊಳೆ ನುಂಗಿಹಾಕುತ್ತದೆ. ಇದನ್ನೆಲ್ಲ ಅವರು ಆಮೇಲೆ ಓದಿ ತಿಳಿದುಕೊಂಡು ಮನೆಮನೆಗೆ ಬಂದು ಹೇಳಿದರು. ಎಲ್ಲರೂ ಸೇರಿ ಒಂದು ಮೀಟರು ತರೋಣ, ದಿನಾ ಬೆಳಿಗ್ಗೆ ನಾಲ್ಕೂ ಕೊಳದ ನೀರಿನ ಬಿಸಿ ಎಷ್ಟು, ಆಮ್ಲಜನಕ ಎಷ್ಟು ಅಂತ ನೋಡೋಣ, ಯಾರದು ಇಳಿಯುತ್ತದೋ ಅವರಲ್ಲಿಗೆ ಎಲ್ಲರೂ ಸಲಿಕೆ ಹಿಡಿದು ಓಡೋಣ ಎಂದರು.

ದೊಡ್ಡಪ್ಪ ಮೊದಲು ನಕ್ಕುಬಿಟ್ಟರು. "ಮೀನಿಗೂ ಜ್ವರ ನೋಡ್ತೀರಾ? ನಾಳೆ ಮಾತ್ರೆ ಕಟ್ಟಿಕೊಡ್ತೀರಾ?" ಎಂದರು. ಕಂಪೌಂಡರ್ ಕೂಡ ನಕ್ಕು, "ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು" ಎಂದರು. ಅಷ್ಟಕ್ಕೇ ವರ್ಷಗಳ ಮುನಿಸು ಸಡಿಲವಾಯಿತು. ದೊಡ್ಡಪ್ಪ ಹೂಂ ಎಂದ ಮೇಲೆ ಬೇಕರಿಯವನು ಎದುರಾಡಲಿಲ್ಲ.

ಮೀಟರು ಮೇಲಿನಿಂದ ಕೆಳಗೆ ಹೋಗುತ್ತಿತ್ತು. ದೊಡ್ಡಪ್ಪ ಗಡ್ಡೆಯಲ್ಲಿ ಕೊರೆದ ತೂತಿಗೆ ತಂತಿ ಇಳಿಬಿಟ್ಟು ನೋಡಿ, ನಾನು ಹೋದಾಗ ಅಂಕಿ ಹೇಳಿ ಅದನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ನನ್ನದು ನೋಡಿ ಬೇಕರಿಯವನಿಗೆ, ಅವನು ಕಂಪೌಂಡರ್ ಅವರಿಗೆ. ದೊಡ್ಡಪ್ಪ ತಡವರಿಸಿದ್ದೇ ಇಲ್ಲ. ನನ್ನನ್ನು ಕಂಡ ತಕ್ಷಣ, "ತಳದಲ್ಲಿ ನಾಲ್ಕು ಡಿಗ್ರಿ, ಗಾಳಿ ಆರೂವರೆ. ತಗೋ, ಓಡು, ಕೈ ಹೆಪ್ಪುಗಟ್ಟತ್ತೆ" ಎನ್ನುತ್ತಿದ್ದರು. ಆಮ್ಲಜನಕಕ್ಕೆ ಅವರು ಗಾಳಿ ಎಂದೇ ಹೆಸರಿಟ್ಟಿದ್ದರು. ಐದರ ಮೇಲಿದ್ದರೆ ಚಿಂತೆಯಿಲ್ಲ, ಮೂರಕ್ಕಿಳಿದರೆ ಓಡಬೇಕು.

ಈ ತಿಂಗಳ ಮೊದಲ ವಾರ ಹಿಮ ಬಿಡದೆ ಬಿತ್ತು. ನನ್ನ ಕೊಳದ ಅಂಕಿ ದಿನದಿನಕ್ಕೂ ಇಳಿಯತೊಡಗಿತು. ದೊಡ್ಡಪ್ಪನದು ಮಾತ್ರ ಆರರ ಮೇಲೇ ಇತ್ತು. ಕಂಪೌಂಡರ್ ಯೋಚನೆ ಮಾಡಿ, ಮೇಲೆ ಅಷ್ಟು ಒಳ್ಳೆಯ ನೀರಿರುವಾಗ ಹೆದರಿಕೆ ಯಾಕೆ, ತೂಬು ಪೂರ್ತಿ ತೆಗೆದು ಕೆಳಗೆ ಬಿಡೋಣ ಎಂದರು. ನಾವೆಲ್ಲ ಒಪ್ಪಿದೆವು. ದೊಡ್ಡಪ್ಪನೇ ಕಬ್ಬಿಣದ ಚಕ್ರ ತಿರುಗಿಸಿ, "ಕುಡೀಲಿ ಬಿಡು, ನಿನ್ನ ಮೀನೂ ನನ್ನವೇ" ಎಂದರು.

ಮರುದಿನ ಬೆಳಿಗ್ಗೆ ನನ್ನ ತೂತಿನ ಬಾಯಿಗೆ ಗೆಂಡೆಗಳು ಮುತ್ತಿಕೊಂಡಿದ್ದವು. ಒಂದರ ಮೇಲೊಂದು ಹತ್ತಿ ಬಾಯಿ ತೆರೆದು ಮುಚ್ಚುತ್ತಿದ್ದವು. ನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಕಂಪೌಂಡರ್ ಅವರಿಗೆ ಫೋನು ಮಾಡಿ ಮೇಲಕ್ಕೆ ಓಡಿದೆ. ದೊಡ್ಡಪ್ಪ ತೂತಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ತಂತಿ ನೀರಿನಲ್ಲಿತ್ತು. ಅವರ ಕಾಲ ಬುಡದಲ್ಲಿ, ಹಿಮ ಸರಿಸಿದ ಗಡ್ಡೆಯ ಅಡಿಯಲ್ಲಿ, ಬಿಳೀ ಹೊಟ್ಟೆಗಳು ಸಾಲಾಗಿ ಅಂಟಿಕೊಂಡಿದ್ದವು. ಅವರು ಅದರ ಮೇಲೇ ಬೂಟು ಊರಿ ಕೂತಿದ್ದರು ಅಕ್ಕ. ನನ್ನ ಹೆಜ್ಜೆಯ ಸದ್ದಿಗೆ ತಲೆಯೆತ್ತಿ, "ಬಂದ್ಯಾ? ಆರು ಪಾಯಿಂಟ್ ಎರಡು" ಎಂದರು.

ಮೀಟರು ಅವರ ಕೈಯಲ್ಲಿ ತಲೆಕೆಳಗಾಗಿತ್ತು. ತಿರುಗಿಸಿ ನೋಡಿದೆ. ಒಂದಕ್ಕೂ ಕೆಳಗಿತ್ತು.

ಅವರಿಗೆ ಅಂಕಿ ಕಾಣುವುದಿಲ್ಲ. ಮೀನು ಕಾಣುವುದಿಲ್ಲ. ನನ್ನ ಮುಖವೂ ಕಾಣುತ್ತದೆಯೋ ಇಲ್ಲವೋ. ಎಂದಿನಿಂದ ಹೀಗೆ ಎಂದು ನನಗೆ ಗೊತ್ತಿಲ್ಲ. ಎಷ್ಟು ಹೇಳಿದರೆ ಎಲ್ಲರೂ ನೆಮ್ಮದಿಯಾಗಿರುತ್ತಾರೋ ಅಷ್ಟನ್ನು ಅವರು ದಿನಾ ಹೇಳುತ್ತಿದ್ದರು. ನಾನು ಅದನ್ನೇ ಹೊತ್ತುಕೊಂಡು ಹೋಗಿ ಕೆಳಗೆ ಒಪ್ಪಿಸುತ್ತಿದ್ದೆ. ದೊಡ್ಡಪ್ಪ, ಮೀನೆಲ್ಲ ಸತ್ತಿವೆ ಎಂದೆ. ಅವರು ಸ್ಟೂಲಿನಿಂದ ಇಳಿದು, ಕೈಗವಸು ಕಿತ್ತೆಸೆದು, ಬರಿಗೈಯನ್ನು ತೂತಿನೊಳಗೆ ಇಳಿಸಿ ತಡಕಾಡಿದರು. ಒಂದು ಮೀನನ್ನು ಎತ್ತಿ ಎದೆಗೊತ್ತಿಕೊಂಡು ಹಾಗೇ ಕೂತುಬಿಟ್ಟರು. ಗಡ್ಡದಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು.

ಅಷ್ಟರಲ್ಲಿ ಉಳಿದಿಬ್ಬರು ಸಲಿಕೆ, ಪಂಪು ಎಳೆದುಕೊಂಡು ದಿಬ್ಬ ಹತ್ತುತ್ತಿದ್ದರು. ತಂತಿ ಎಳೆದು ಸುತ್ತಿ ಮೀಟರನ್ನು ನನ್ನ ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ಆ ತಂತಿಯ ತುದಿಗೆ ತೆಳ್ಳನೆಯ ಪೊರೆಯೊಂದಿರುತ್ತದೆ. ಅದು ಹರಿದರೆ ಅಂಕಿ ಹುಚ್ಚುಹುಚ್ಚಾಗಿ ಬರುತ್ತದೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಜೇಬಿನೊಳಗೇ ಉಗುರಿನಿಂದ ಅದನ್ನು ಹರಿದೆ.

"ಆರು ಆರು ಅಂತಿದ್ರಲ್ಲ, ಇದೇನಿದು?" ಎಂದು ಬೇಕರಿಯವನು ದೊಡ್ಡಪ್ಪನ ಮುಖಕ್ಕೇ ಕೂಗಿದ. ನಾನು ನಡುವೆ ಹೋಗಿ, ಪೊರೆ ಹರಿದಿದೆ, ವಾರದಿಂದ ನಾನು ನೋಡಿಯೇ ಇಲ್ಲ, ತಪ್ಪು ನನ್ನದು ಎಂದೆ. ಕಂಪೌಂಡರ್ ಮೀಟರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ನಿನ್ನ ನಂಬಿದ್ವಲ್ಲಮ್ಮಾ" ಎಂದರು, ಅಷ್ಟೇ. ಆಗ ದೊಡ್ಡಪ್ಪ ಎದ್ದು ನಿಂತರು. ಅವರಿಬ್ಬರ ಎದುರಿಗೇ, "ನೋಡ್ಕೊಂಡು ಕೆಲಸ ಮಾಡಬಾರದೇನೇ? ಮನೆ ಹಾಳು ಮಾಡಿದ್ಯಲ್ಲೇ!" ಎಂದು ಗದರಿದರು. ಪಾಪ, ಅವರೂ ನಂಬಿದ್ದಾರೆ ಎಂದುಕೊಂಡೆ. ನಂಬಲಿ, ಅಷ್ಟಾದರೂ ಉಳಿಯಲಿ ಎನಿಸಿತು.

ತೂಬು ಮುಚ್ಚಿದೆವು. ಪಂಪು ಓಡಿಸಿದೆವು. ಕಂಪೌಂಡರ್ ಅವರ ಕೊಳ ಉಳಿಯಿತು, ಬೇಕರಿಯವನದು ಅರ್ಧ ಉಳಿಯಿತು. ದೊಡ್ಡಪ್ಪನದರಲ್ಲಿ, ನನ್ನದರಲ್ಲಿ ಒಂದೂ ಇಲ್ಲ. ಈಗ ಮೀಟರನ್ನು ನನ್ನ ಕೈಗೆ ಕೊಡುವುದಿಲ್ಲ. ಬೇಕರಿಗೆ ಹೋದರೆ ಅವನ ಹೆಂಡತಿ ಬ್ರೆಡ್ಡನ್ನು ಕೈಗಿಡದೆ ಹಲಗೆಯ ಮೇಲಿಟ್ಟು ಒಳಗೆ ಹೋಗುತ್ತಾಳೆ. ಇದನ್ನು ಕನಿಕರ ಬೇಡಲು ಬರೆಯುತ್ತಿಲ್ಲ. ಸತ್ತ ಮೀನುಗಳನ್ನು ಹಿಮದಲ್ಲಿ ರಾಶಿ ಹಾಕಿದ್ದೇನೆ. ನೆಲ ಇನ್ನೂ ಕಲ್ಲಿನ ಹಾಗಿದೆ, ಹೂಳಲು ಬರುವುದಿಲ್ಲ. ಕಾಗೆಗಳು ಬೆಳಗಿನಿಂದ ಅಲ್ಲೇ ಇರುತ್ತವೆ.

ಈಗ ನಿನ್ನೆಯ ಮಾತು. ಗಡ್ಡೆ ಮೆತ್ತಗಾಗುತ್ತಿದೆ, ಅಂಚಿನಲ್ಲಿ ಬೂದು ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ಮಗುವೂ ಓಡಾಡಬಾರದು. ದೊಡ್ಡಪ್ಪ ಕೋಲು ಊರಿಕೊಂಡು ನಡು ಕೊಳಕ್ಕೆ ನಡೆದು ಹೋಗುತ್ತಿದ್ದರು. ನೇರ ತೂತಿನ ಕಡೆಗೇ. ನಾನು ಕಿರುಚಿದೆ. ಅವರು ನಿಂತಾಗ ಒಂದು ಬೂಟು ಆಗಲೇ ನೀರಿನಲ್ಲಿತ್ತು. ಹೊಟ್ಟೆಯ ಮೇಲೆ ಮಲಗಿ, ತೆವಳಿಕೊಂಡು ಹೋಗಿ, ಅವರ ಕೋಟು ಹಿಡಿದು ದಡಕ್ಕೆ ಎಳೆದು ತಂದೆ. "ಒಂದೆರಡಾದ್ರೂ ಬದುಕಿರಬಹುದು ಅಂತ ನೋಡೋಕೆ ಹೋದೆ" ಎಂದರು. ನೋಡೋಕೆ ಅಂತೆ!

ನಾಳೆಯೂ ಹೋಗುತ್ತಾರೆ. ನನ್ನ ಮಾತು ಈಗ ಅಲ್ಲಿ ನಡೆಯುವುದಿಲ್ಲ, ಹಗಲೆಲ್ಲ ಕಾವಲು ಕೂರಲೂ ಆಗುವುದಿಲ್ಲ. ನೀನು ರಜೆ ಹಾಕಿ ಬಾ. ಬೈಯುವುದಾದರೆ ಬಂದು ಬೈದು, ಅವರನ್ನು ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸು. ನಿನಗೆ ಹೇಗೋ ಅನುಮಾನ ಬಂತು ಎನ್ನು, ನಾನು ಬರೆದೆ ಎನ್ನಬೇಡ. ಪೊರೆಯ ವಿಷಯ ಅವರಿಗೆ ಎಂದಿಗೂ ತಿಳಿಯಬಾರದು.

ಇಂತಿ,
ನಿನ್ನ ತಂಗಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಈಗಷ್ಟೇ ದೊಡ್ಡಪ್ಪ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಯಾರಿಗೆ ಬರೀತಿದೀಯ ಎಂದು ಕೇಳಿದರು, ನಿನಗೆ ಎಂದೆ. ಚೌಕಟ್ಟನ್ನು ಬೆರಳಿನಿಂದ ಸವರಿದರು. ಆಮೇಲೆ, "ಬರಿ. ಅಪ್ಪನಿಗೆ ಕಣ್ಣು ಹೋಗಿದೆ ಅಂತ ಬರಿ. ಮೀಟರು ಸರಿಯಾಗೇ ಇತ್ತು ಅಂತಾನೂ ಬರಿ" ಎಂದರು. ನನ್ನನ್ನು ಗದರಿದಾಗಲೂ ಅವರಿಗೆ ಗೊತ್ತಿತ್ತು ಅಕ್ಕ. ಬೇಕರಿಯವನ ಮುಂದೆ, ಕಂಪೌಂಡರ್ ಅವರ ಮುಂದೆಯೂ ಇದನ್ನು ಹೇಳ್ತೀರಾ ಎಂದು ಕೇಳಿಯೇಬಿಟ್ಟೆ. "ಅದೊಂದು ನನ್ನ ಕೈಲಿ ಆಗಲ್ಲ ಮಗಳೇ" ಎಂದು, ಕಾಲಿನಿಂದ ಮೆಟ್ಟಿಲು ಹುಡುಕುತ್ತ ಇಳಿದು ಹೋದರು.