ಚಿಗವ್ವ ಅನಿಸಿಕೊಂಡಾಕಿ

ತೇರದಾಳ. ಭಾದ್ರಪದ ಶುದ್ಧ ಪಂಚಮಿ, ಸನ್ ೧೯೩೪
ನೀರು ಸೋಸಿಟ್ಟೆ. ಬಸದಿಗೆ ಹೋಗಿ ಬಂದೆ. ಇವತ್ತಿಂದ ಹತ್ತು ದಿನ ಪರ್ವ. ಚತುರ್ದಶಿ ಅಭಿಷೇಕಕ್ಕ ಮೊದಲ ಕಲಶ ಈ ಸಲ ನಮ್ಮ ಮಗ ಸುಪಾರ್ಶ್ವಂದು. ನಮ್ಮವರು ತೀರಿಕೊಂಡ ಮ್ಯಾಲ ಈ ಮನಿ ಪಾಳಿ ಬಂದದ್ದು ಇದೇ ಮೊದಲು. ಹತ್ತೊಂಬತ್ತರ ಹುಡುಗ, ಒಪ್ಪೊತ್ತು ಹಿಡದಾನ.

ಅಷ್ಟಮಿ
ಹುನ್ನೂರಿಂದ ತಂಗಿ ಬಾಳವ್ವ ಹೇಳಿ ಕಳಿಸ್ಯಾಳ. ಜ್ವರ ಇಳೀವಲ್ದಂತ. ಸುಪಾರ್ಶ್ವನ್ನ ಒಮ್ಮೆ ಕಳಸಬೇಕಂತ, ಅವ್ವಾ ಅನಿಸಿಕೋಬೇಕಂತ. ಹೆತ್ತಾಕಿ ಅಕಿ. ಎರಡು ವರ್ಷದ ಕೂಸು ಇದ್ದಾಗ ನನಗ ದತ್ತಕ ಕೊಟ್ಟಳು. ಉಡಿಯೊಳಗ ಹಾಕಿಸಿಕೊಂಡ ದಿನಾನ ಹೇಳಿದ್ದೆ — ಇನ್ನ ನಿನ್ನ ಚಿಗವ್ವ ಅಂತಾನ. ಹೂಂ ಅಂದಿದ್ದಳು. ಹದಿನೇಳು ವರ್ಷ ಚಿಗವ್ವನ ಆಗಿದ್ದಳು. ಈಗ್ಯಾಕ...
ಪರ್ವ ಮುಗೀಲಿ, ಕಳಸ್ತೇನಿ ಅಂದೆ. ಅಂವಗ ಹೇಳಲಿಲ್ಲ.

ಚತುರ್ದಶಿ, ಹೊತ್ತು ಮೂಡೂದಕ್ಕ
ತಂಗಿ ಹೊಲದ ಆಳು ಹುಲೆಪ್ಪ ಚಕ್ಕಡಿ ತಂದ. ಬಾಳವ್ವ ನಿನ್ನೆ ಸಂಜಿಕ ಹೋದಳು.
"ಬೆಂಕಿ ಇಡಾಕ ಮಗನ ದಾರಿ ನೋಡಾಕತ್ತಾರ್ರಿ, ಅವ್ವಾರ."
ಸುಪಾರ್ಶ್ವ ಹಿತ್ತಲದಾಗ ಜಳಕ ಮಾಡಾಕತ್ತಿದ್ದ. ಕೇಳಿದರ ಸೂತಕ. ಬಸದಿ ಮೆಟ್ಟಲಾ ಹತ್ತಂಗಿಲ್ಲ. ಕಲಶ ಬ್ಯಾರೆಯವರ ಕೈಗೆ.
ದತ್ತಕ ಬಂದಾಂವಗ ಹೆತ್ತವರ ಸೂತಕ ಇಲ್ಲ ಅಂತ ಹುಲೆಪ್ಪಗ ಅಂದೆ. ಖರೆ ಹೌದೋ ಅಲ್ಲೋ, ಯಾರನ್ನೂ ಕೇಳಿಲ್ಲ. ಖಾಲಿ ಚಕ್ಕಡಿ ಹೊಳ್ಳಿ ಹೋತು.
ನನ್ನ ಒಡಹುಟ್ಟಿದಾಕಿ. ಅಳಲಿಲ್ಲ. ಅತ್ತರ ಅಂವಗ ಗೊತ್ತಾಗತಿತ್ತು.

ಅದೇ ದಿನ, ಮಧ್ಯಾಹ್ನ
ಕಲಶ ಛಲೋ ಹಾಕಿದ. ಎಂಥಾ ಮಗನ್ನ ಬೆಳಸೀದಿ ಅಂದರು ಎಲ್ಲಾರೂ. ನಾನೂ ಅಲ್ಲೇ ನಿಂತು ಕೈ ಮುಗದೆ. ಭಗವಂತಾ, ಅದೂ ಒಂದು ಪಾಪ.

ಬಹುಳ ಪಾಡ್ಯ
ಸಂತ್ಯಾಗ ಹುನ್ನೂರಿನವರು ಯಾರೋ ಸುಪಾರ್ಶ್ವಗ ಹೇಳ್ಯಾರ. ಬಂದು ಪಡಸಾಲ್ಯಾಗ ಕುಂತ. ಬಯ್ಯಲಿಲ್ಲ. ಬಸದಿ ಉಪಾಧ್ಯೆರನ್ನ ಕೇಳಿ ಬಂದಿದ್ದ. ಹೆತ್ತಾಕಿಗೆ ಮೂರು ದಿನಾರ ಸೂತಕ ಹಿಡೀಬೇಕಂತ.
"ಹೋಗೂ ಮುಂದ ಅಕಿ ಏನರ ಕೇಳಿದ್ಲಾ?"
ಸುಳ್ಳು ಸಾಕಾಗಿತ್ತು. ಹೇಳಿದೆ — ನಿನ್ನ ಬಾಯಿಂದ ಅವ್ವಾ ಅನಿಸಿಕೋಬೇಕು ಅಂದಿದ್ದಳು.
ಎದ್ದು ಚಪ್ಪಲಿ ಮೆಟ್ಟಿದ. ಹುನ್ನೂರ ದಾರಿ ಹಿಡದ.

ಬಹುಳ ಸಪ್ತಮಿ
ಇವತ್ತ ಬಂದ. ಸೊರಗ್ಯಾನ. ಒಲಿ ಹಚ್ಚಿ ಜಳಕಕ್ಕ ನೀರು ಕಾಸಿದೆ. ಬಚ್ಚಲಕ್ಕ ಹೋಗಿ ಅಲ್ಲಿಂದ ಕರದ.
"ದೊಡ್ಡವ್ವಾ, ದೋತರ ಕೊಡ."
ತಂಗಿ ಮಗ. ಅಂದದ್ದು ತಪ್ಪಲ್ಲ.
ಕೊಟ್ಟೆ. ಬಾಗಲದ ಹಿಂದ ನಿಂತೆ, ಇನ್ನೊಮ್ಮೆ ಕರದರ —