ತಾನಾಗಿ ಓಡುತ್ತಿದ್ದದ್ದು

ರಾಯಪುರಂ, ಚೆನ್ನೈ
೨೧ ಸೆಪ್ಟೆಂಬರ್ ೨೦೦೮, ಭಾನುವಾರ

ಚಿ. ಸೌ. ಭಾವನಾ,

ನಿನಗೂ ಸುರೇಶನಿಗೂ ಅಪ್ಪನ ಆಶೀರ್ವಾದ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮೊಣಕಾಲು ನೋವು, ಕರೆಂಟು ಎಂದು ಏನಾದರೂ ನೆಪ ಬರೆಯಬಹುದಿತ್ತು. ನಿನಗೆ ಸುಳ್ಳು ಬರೆಯುವ ಅಭ್ಯಾಸ ನನಗಿಲ್ಲ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ "ಅಮ್ಮನಿಗೆ ಕೊಡ್ತೀನಿ" ಎಂದು ರಿಸೀವರ್ ದಾಟಿಸಿದೆ. ಅದು ನಿನಗೆ ತಿಳಿಯದೆ ಇರಲಿಲ್ಲ.

ನೀನು ಎರಡು ವಿಷಯ ಕೇಳಿದ್ದೆ. ಕಂಪ್ಯೂಟರಿನಲ್ಲಿರುವ ಸಾಯಿಯ ಫೋಟೋಗಳು ಬೇಕು ಎಂಬುದು ಒಂದು. ಆ ದಿನ ಮನೆಯಿಂದ ಹೊರಡುವ ಮುಂಚೆ ಅವನು ಏನಂದ ಎಂಬುದು ಇನ್ನೊಂದು. ಮೊದಲನೆಯದು ಮುಗಿದಿದೆ. ಸಿ.ಡಿ. ಈ ಲಕೋಟೆಯಲ್ಲೇ ಇದೆ, ನಾನೂರ ಹನ್ನೆರಡು ಫೋಟೋ. ಅದು ಹೇಗೆ ಮುಗಿಯಿತು ಎಂದು ಹೇಳಬೇಕು, ಏಕೆಂದರೆ ಅದರಲ್ಲಿ ನಿನಗೆ ಸೇರಬೇಕಾದ ಒಂದು ಸುದ್ದಿಯೂ ಇದೆ.

ಫೆಬ್ರವರಿಯಿಂದ ಆ ಯಂತ್ರಕ್ಕೆ ಅಮ್ಮ ತನ್ನ ಹಳೆಯ ಸೀರೆಯ ತುಂಡು ಹೊದಿಸಿಟ್ಟಿದ್ದಳು. ಆಗಸ್ಟಿನಲ್ಲಿ ತೆಗೆದು ಶುರು ಮಾಡಿದರೆ, ಪರದೆ ಬರುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟೆ. ಒಂದು ಫೋಟೋ ತೆರೆಯಲು ನಾಲ್ಕು ನಿಮಿಷ. ಎರಡನೆಯದಕ್ಕೆ ಯಂತ್ರ ಕೈಕಾಲು ಆಡಿಸುವುದನ್ನೇ ನಿಲ್ಲಿಸಿತು. ಇನ್ಶೂರೆನ್ಸ್ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನಮ್ಮ ಶ್ರೀನಿವಾಸರಿಗೆ ಫೋನ್ ಮಾಡಿದೆ. ತಾಂಬರಂನಿಂದ ಇಲ್ಲಿಗೆ ಬರಲು ಅವರಿಗೆ ಪುರುಸೊತ್ತಿಲ್ಲ, ಫೋನಿನಲ್ಲೇ ಹೇಳಿಕೊಟ್ಟರು. ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ, ಆ ಗಳಿಗೆಯಲ್ಲಿ ಯಂತ್ರದೊಳಗೆ ಏನೇನು ಓಡುತ್ತಿದೆಯೋ ಎಲ್ಲದರ ಪಟ್ಟಿ ಅಲ್ಲಿರುತ್ತದೆ ಎಂದರು.

ಮಗಳೇ, ನಾನು ಮೂವತ್ತೊಂದು ವರ್ಷ ರೈಲ್ವೆಯ ಕಂಟ್ರೋಲ್ ಕೋಣೆಯಲ್ಲಿ ಕೂತವನು. ನನ್ನ ಹಾಳೆಯಲ್ಲಿ ಗೆರೆ ಬೀಳದೆ ಒಂದು ಟ್ರಾಲಿಯೂ ನನ್ನ ಸೆಕ್ಷನ್ನಿನೊಳಗೆ ಬರುತ್ತಿರಲಿಲ್ಲ. ನಾನು ಏನೂ ಮುಟ್ಟದೆ ಸುಮ್ಮನೆ ಕೂತಿರುವಾಗ ನನ್ನ ಮನೆಯ ಯಂತ್ರದಲ್ಲಿ ಅರವತ್ತೊಂದು ಓಡುತ್ತಿದ್ದವು. ಹೆಸರುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹದಿನಾಲ್ಕು ಒಂದೇ ಮನೆತನದವು: ಸಾಯಿ ಆಡುತ್ತಿದ್ದ ಆ ಆಟದ ಕಂಪನಿಯವು. ಆಟ ಮುಚ್ಚಿತ್ತು. ಆಡುವವನೇ ಇಲ್ಲ. ಆದರೂ ಅಪ್‌ಡೇಟ್ ಎಂಬ ಹೊಸ ಕಂತು ಬಂದಿದೆಯೇ ಎಂದು ನೋಡುವುದೊಂದು, ಗೆಳೆಯರ ಪಟ್ಟಿ ಕಾಯುವುದೊಂದು, ಜಾಹೀರಾತು ತರುವುದೊಂದು, ಇವುಗಳಲ್ಲಿ ಯಾವುದಾದರೂ ಬಿದ್ದರೆ ಕಂಪನಿಗೆ ವರದಿ ಕಳಿಸುವುದೊಂದು. ಉಳಿದವು ಏನು ಮಾಡುತ್ತಿದ್ದವೋ ಅವಕ್ಕೇ ಗೊತ್ತು.

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಒಬ್ಬ ಅಪರಿಚಿತ ನಮ್ಮ ಕೋಣೆಗೆ ಬಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಯಾರಪ್ಪಾ ನೀನು ಎಂದರೆ "ಸುಮ್ನೆ ಸಾರ್" ಎನ್ನುತ್ತಿದ್ದ. ಎರಡು ವರ್ಷ ಸುಮ್ಮನೆ ಕೂತಿದ್ದ. ಅವನಾದರೂ ಒಬ್ಬ. ಇವು ಹದಿನಾಲ್ಕು, ಕುರ್ಚಿಯೂ ನಮ್ಮದೇ, ಕರೆಂಟೂ ನಮ್ಮದೇ. ಕಂಪನಿಗೆ ಇಂಗ್ಲಿಷಿನಲ್ಲಿ ಒಂದೂವರೆ ಪುಟದ ದೂರು ಕಳಿಸಿದೆ: ಯಾರ ಅನುಮತಿಯಿಂದ ನನ್ನ ಮನೆಯಲ್ಲಿ ನಿಮ್ಮ ಹದಿನಾಲ್ಕು ಜನ ಕೂತಿದ್ದಾರೆ ಎಂದು. ಎರಡು ನಿಮಿಷದಲ್ಲಿ ಉತ್ತರ ಬಂತು. "ಹಾಯ್ ಗೇಮರ್, ನಿಮ್ಮ ಯಂತ್ರಕ್ಕೆ ಇನ್ನಷ್ಟು ಮೆಮೊರಿ ಹಾಕಿಸಿ, ಆಟವನ್ನು ಆನಂದಿಸಿ." ಅರವತ್ತಮೂರನೆಯ ವಯಸ್ಸಿನಲ್ಲಿ ಈ ಬಿರುದು.

ಶ್ರೀನಿವಾಸರಿಗೆ ಮತ್ತೆ ಫೋನ್ ಮಾಡಿದೆ. "ಒಂದೊಂದಾಗಿ ಸೆಲೆಕ್ಟ್ ಮಾಡಿ ಸಾಯಿಸಿ ಸರ್" ಎಂದರು. ಅವರ ಕಸುಬಿನಲ್ಲಿ ಹಾಗೇ ಹೇಳುವುದಂತೆ. ಹೇಳಿದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ "ಕ್ಲೋಸ್ ಮಾಡಿ ಸರ್" ಎಂದು ತಿದ್ದಿಕೊಂಡರು. ಪರವಾಗಿಲ್ಲ ಎಂದೆ.

ನಿನ್ನ ಅಜ್ಜಿ ಲೀಲಮ್ಮ ನಂಜನಗೂಡಿನಿಂದ ನಾಮಕರಣಕ್ಕೆ ಬಂದು ಮಾಡಿದ ಜಗಳ ಆಗ ನೆನಪಾಯಿತು. ಅಮ್ಮ ಹರಕೆ ಹೊತ್ತು ಸಾಯಿಪ್ರಸಾದ ಎಂದು ಹೆಸರು ನಿಶ್ಚಯಿಸಿದ್ದಳು. ಅಜ್ಜಿ ತೊಟ್ಟಿಲ ಪಕ್ಕದಲ್ಲೇ ನಿಂತು, "ದೇವರ ಹೆಸರು ಬೇರೆ ಸಿಗಲಿಲ್ವೇನೇ ಊರ್ಮಿಳಾ? ಹಾಲು ಕುಡಿಯೋ ಕೂಸಿಗೆ ದಿನಕ್ಕೆ ನೂರು ಸಲ ಸಾಯಿ ಸಾಯಿ ಅನ್ನೋದಾ?" ಎಂದಳು. ಇದು ಮದ್ರಾಸು, ಅತ್ತೆ, ಇಲ್ಲಿ ಯಾರಿಗೂ ಹಾಗೆ ಕೇಳಿಸಲ್ಲ ಎಂದು ಅಮ್ಮ. ಕೊನೆಗೆ ಅಜ್ಜಿ ಒಂದು ಕಟ್ಟಳೆ ಮಾಡಿ ಹೋದಳು: ಕರೆಯುವಾಗ ಕೊನೆಯನ್ನು ಎಳೆಯಬೇಕು, ಸಾಯೀ ಎನ್ನಬೇಕು, ಮೊಟಕು ಮಾಡಬಾರದು. ನಾವೆಲ್ಲ ಹಾಗೇ ಎಳೆಯುತ್ತಿದ್ದೆವು. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಅವಸರದಲ್ಲಿ ಎಳೆಯುವುದು ಮರೆತು ಕೂಗಿದಾಗ ಕಂಡಕ್ಟರು ನಿನ್ನನ್ನು ಕೆಕ್ಕರಿಸಿ ನೋಡಿದ್ದು, ಇವನು ಅವನಿಗೆ "ಅಕ್ಕ ಪ್ರೀತಿಯಿಂದ ಹೇಳ್ತಿದಾಳೆ ಸಾರ್" ಎಂದದ್ದು ನಿನಗೆ ನೆನಪಿರಬೇಕು.

ಕೆಲಸಕ್ಕೆ ಬರುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಹದಿನಾಲ್ಕನ್ನೂ ಮುಚ್ಚಿದೆ. ಎಲೆ ಅಡಿಕೆ ಹಾಕಿಕೊಂಡು ಬಂದು ನೋಡಿದರೆ ಹದಿನಾಲ್ಕೂ ಕೂತಿದ್ದವು. ಮತ್ತೆ ಮುಚ್ಚಿದೆ, ಮತ್ತೆ ಬಂದವು. ಮೂರು ದಿನ ಇದೇ ಆಟ, ಕಂಪನಿ ಹೇಳಿದ್ದು ಸುಳ್ಳಲ್ಲ. ನಾಲ್ಕನೆಯ ದಿನ ಅವು ಬರುವ ಕ್ರಮವನ್ನು ಗಡಿಯಾರ ಹಿಡಿದು ಬರೆದುಕೊಂಡೆ. ಒಂದು ಮಾತ್ರ ಯಾವಾಗಲೂ ಮೊದಲು ಬರುತ್ತಿತ್ತು, ಉಳಿದವು ಅದರ ಹಿಂದೆ. ಅದು ಕಾವಲುಗಾರ. ಹದಿಮೂರರಲ್ಲಿ ಯಾರು ಬಿದ್ದರೂ ಎತ್ತಿ ನಿಲ್ಲಿಸುವುದು ಅದರ ಕೆಲಸ. ಗಾಡಿ ಒಳಗೆ ಬರಲು ಸಿಗ್ನಲ್ ಬಿಟ್ಟುಕೊಂಡೇ ಲೈನ್ ತೆರವು ಮಾಡಲು ಹೋದರೆ ಯಾವ ಸ್ಟೇಷನ್ನಿನಲ್ಲಿ ಆಗುತ್ತದೆ? ಮೊದಲು ಸರ್ವೀಸಸ್ ಎಂಬ ಪಟ್ಟಿಯಲ್ಲಿ ಕಾವಲುಗಾರನನ್ನು ನಿಲ್ಲಿಸಿದೆ. ಆಮೇಲೆ ಯಂತ್ರ ಏಳುವಾಗ ತಾವೂ ಏಳುವವರ ಪಟ್ಟಿಯಲ್ಲಿ ಅವರ ಗುರುತುಗಳನ್ನು ಅಳಿಸಿದೆ. ಕಡೆಯಲ್ಲಿ ಹದಿಮೂರನ್ನು ಮುಚ್ಚಿದೆ. ಬರಲಿಲ್ಲ. ಯಂತ್ರ ಎರಡು ನಿಮಿಷದಲ್ಲಿ ಏಳುವಂತಾಯಿತು.

ಆ ತಂತ್ರಾಂಶವನ್ನೇ ಪೂರ್ತಿ ಕಿತ್ತುಹಾಕಬಹುದಿತ್ತು. ಅಮ್ಮ ಬಿಡಲಿಲ್ಲ. ಒಳಗೆ ಅವನ ಹೆಸರಿದೆ, ಅವನು ಆಡಿದ ತಾಸುಗಳ ಲೆಕ್ಕವಿದೆ ಎಂದು ಯಾರೋ ಅವಳಿಗೆ ಹೇಳಿದ್ದಾರೆ. "ನಿಲ್ಲಿಸಿ ಸಾಕು, ಕೀಳಬೇಡಿ" ಎಂದಳು. ಹಾಗೆ ಬಿಟ್ಟಿದ್ದರಿಂದಲೇ ನನಗೆ ಒಂದು ಕಡತ ಸಿಕ್ಕಿದ್ದು.

ಕಾವಲುಗಾರ ಎಲ್ಲಿ ವಾಸವಾಗಿದ್ದಾನೆ ಎಂದು ಹುಡುಕುತ್ತ ಹೋದಾಗ ಅವನು ಬರೆಯುತ್ತಿದ್ದ ದಿನಚರಿ ಸಿಕ್ಕಿತು. ಇಂಗ್ಲಿಷಿನಲ್ಲಿ, ಸಾಲಿಗೊಂದು ಘಟನೆ, ಎದುರಿಗೆ ತಾರೀಕು, ಗಂಟೆ, ನಿಮಿಷ, ಸೆಕೆಂಡು. ನಮ್ಮ ಟ್ರೇನ್ ರಿಜಿಸ್ಟರಿಗಿಂತ ಚೊಕ್ಕಟ. ಮನುಷ್ಯ ಕೂತು ಹೆಸರು, ಗುಟ್ಟಿನ ಪದ ಒತ್ತಿ ಒಳಗೆ ಬಂದರೆ ಒಂದು ಬಗೆಯ ಸಾಲು. ಕಂಪನಿಯ ಸರಂಜಾಮು ತಾನಾಗಿ ಎದ್ದರೆ ಇನ್ನೊಂದು ಬಗೆಯ ಸಾಲು. ಎರಡು ಮಧ್ಯಾಹ್ನ ಕೂತು ಓದಿದೆ. ಸಾಯಿ ಕೊನೆಯ ಸಲ ಒಳಗೆ ಬಂದದ್ದು ಫೆಬ್ರವರಿ ಹದಿಮೂರು, ಬುಧವಾರ, ಸಂಜೆ ಏಳು ನಲವತ್ತಕ್ಕೆ. ಇಪ್ಪತ್ತು ನಿಮಿಷ ಇದ್ದು ಹೊರಗೆ ಹೋಗಿದ್ದಾನೆ. ಆಮೇಲೆ ಅವನ ಸಾಲು ಒಂದೂ ಇಲ್ಲ. ಹದಿನಾಲ್ಕರಿಂದ ಇಪ್ಪತ್ತೈದರವರೆಗೆ ಇರುವುದೆಲ್ಲ ತಾನಾಗಿ ಎದ್ದವು.

ನಿನಗೆ ಸೇರಬೇಕಾದ ಸುದ್ದಿ ಇದೇ. ಬ್ಯಾಂಕಿನ ಪರೀಕ್ಷೆ ಮುಗಿಯುವವರೆಗೂ ಆಟ ಮುಟ್ಟುವುದಿಲ್ಲ ಎಂದು ಅವನು ನಿನ್ನ ಮೇಲೆ ಆಣೆ ಇಟ್ಟಿದ್ದಾನೆ ಎಂದು ನೀನು ಆ ಹದಿಮೂರರ ರಾತ್ರಿ ಫೋನಿನಲ್ಲಿ ಹೇಳಿದ್ದೆ. ನೋಡೋಣ ಎಂದು ನಾನು ನಕ್ಕಿದ್ದೆ. ಅವನು ಮಾತು ಉಳಿಸಿಕೊಂಡಿದ್ದ. ಹನ್ನೆರಡು ದಿನ, ಕಡೆಯ ದಿನದವರೆಗೆ.

ಇನ್ನು ಇಪ್ಪತ್ತೈದನೆಯ ತಾರೀಕು. ಬೆಳಿಗ್ಗೆ ನಾನು ನಮ್ಮ ರಸ್ತೆಯ ಕಂಟೇನರ್ ಲಾರಿಗಳ ಬಗ್ಗೆ ಹನ್ನೊಂದನೆಯ ಮನವಿ ಟೈಪ್ ಮಾಡುತ್ತಿದ್ದೆ. ಬಂದರಿನ ಸರದಿಗೆಂದು ಎಣ್ಣೂರಿನ ದಿಕ್ಕಿನಿಂದ ಸಾಲುಗಟ್ಟಿ ನಿಲ್ಲುತ್ತವೆ, ಹಿಂದೆ ನೋಡುವ ಕ್ಲೀನರ್ ಇಲ್ಲದೆ ರಿವರ್ಸ್ ತೆಗೆಯುತ್ತವೆ, ಮಕ್ಕಳು ಓಡಾಡುವ ರಸ್ತೆ ಎಂದು ಮೂರು ಪುಟ ಬರೆದಿದ್ದೆ. ದಿನಚರಿಯಲ್ಲಿ ಒಂಬತ್ತು ಐವತ್ತೆರಡಕ್ಕೆ ಹೀಗಿದೆ: ಹೊಸ ಕಂತು ತಾನಾಗಿ ಇಳಿಯಿತು, ಹದಿನಾಲ್ಕೂ ಮರುಪ್ರಾರಂಭ. ಒಂಬತ್ತು ಐವತ್ತೈದಕ್ಕೆ ಯಂತ್ರ ಸ್ತಬ್ಧವಾಗಿ ನನ್ನ ಮೂರು ಪುಟವೂ ಹೋಯಿತು. ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಸಾಯಿಯ ಬೈಕಿನ ಮೇಲೆ ಅಂಥದೇ ಒಂದು ಲಾರಿ ಹಿಂದಕ್ಕೆ ಬಂತು. ನಮ್ಮ ಗೇಟಿನಿಂದ ಮುನ್ನೂರು ಅಡಿ. ಮಿಕ್ಕದ್ದು ನೀನು ಬಲ್ಲೆ.

ಅಮ್ಮ ಆ ಹೊತ್ತಿಗೆ ತರಕಾರಿಗೆ ಹೋಗಿದ್ದಳು. ಎದುರು ಮನೆಯ ಸೀತಾ ಹೇಳಿದ್ದನ್ನು ಹಿಡಿದುಕೊಂಡು ದಿನ ದೂಡುತ್ತಿದ್ದಾಳೆ. ಮೊನ್ನೆ ಮಹಾಲಯ ಪಕ್ಷಕ್ಕೆಂದು ಅಕ್ಕಿ ಆರಿಸುತ್ತ ಹೇಳಿದಳು: "ನೀವಾದ್ರೂ ಗೇಟಿನವರೆಗೂ ಹೋಗಿ ಕೂಗಿದ್ರಲ್ಲ. ಅಷ್ಟು ಮಾಡಿದ್ರಲ್ಲ. ನಂಗೆ ಅದೂ ಆಗಲಿಲ್ಲ." ನಾನು ಎದ್ದು ಹಿತ್ತಲಿಗೆ ಹೋದೆ.

ಸೀತಾಳ ವಿಷಯ ನಿನಗೆ ಹೇಳಬೇಕಾಗಿಲ್ಲ. ತೊಂಬತ್ತೊಂದರ ಕಾವೇರಿ ಗಲಾಟೆಯಲ್ಲಿ ನಮ್ಮ ಬಾಗಿಲಿನ ಕನ್ನಡ ನಾಮಫಲಕ ನೋಡಿ ಹತ್ತು ಜನ ನಿಂತಾಗ, ನಿನ್ನನ್ನೂ ಐದು ವರ್ಷದ ಸಾಯಿಯನ್ನೂ ತನ್ನ ಮನೆಯೊಳಗೆ ಕೂಡಿ, ನಮ್ಮ ಗೇಟಿಗೆ ಅಡ್ಡ ನಿಂತವಳು ಅವಳು. "ಇವಂಗ ನಮ್ಮ ಆಳುಂಗ, ಪೋಂಗಡಾ" ಎಂದು, ಇವರು ನಮ್ಮವರು ಹೋಗ್ರೋ ಎಂದು, ಅವರನ್ನು ಗದರಿಸಿ ಕಳಿಸಿದಳು. ನಮ್ಮ ಪರವಾಗಿ ಅವಳು ಆಡಿದ ಮಾತನ್ನು ಈ ಬೀದಿಯಲ್ಲಿ ಯಾರೂ ಅಲ್ಲಗಳೆದಿಲ್ಲ.

ಅಮ್ಮನ ರಕ್ತದೊತ್ತಡ ಹತೋಟಿಯಲ್ಲಿದೆ. ದಸರೆಗೆ ನೀವಿಬ್ಬರೂ ಬಂದರೆ ಅವಳಿಗೆ ಹಿತ. ಸಿ.ಡಿ.ಯಲ್ಲಿ ಕೊನೆಯ ಫೋಟೋ ಅವನು ನಿನ್ನ ಮದುವೆಯ ಜರತಾರಿ ಪೇಟ ಸುತ್ತಿಕೊಂಡು ಕನ್ನಡಿಯ ಮುಂದೆ ತೆಗೆದುಕೊಂಡದ್ದು. ಅದನ್ನು ಒಬ್ಬಳೇ ಇರುವಾಗ ನೋಡಬೇಡ. ಆರೋಗ್ಯ ನೋಡಿಕೋ, ಕಾಲೇಜಿನ ಕೆಲಸ ಮೈಮೇಲೆ ಎಳೆದುಕೊಳ್ಳಬೇಡ. ನೀವಿಬ್ಬರೂ ನೂರು ಕಾಲ ಬಾಳಿ.

ನಿನ್ನ ಅಪ್ಪ,
ಮಧುಸೂದನ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಎರಡನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲ.

ನೀನೇ ಆಟ ಹಚ್ಚಿಟ್ಟು ಯಂತ್ರ ಕೆಡಿಸಿದ್ದು ಎಂದು ನಾನು ಬೈದಾಗ ಅವನು ಅಂದದ್ದು ಇಷ್ಟು: "ನಾನಲ್ಲಪ್ಪ. ನಾನು ಮುಟ್ಟೇ ಇಲ್ಲ. ಅದು ತಾನಾಗೇ ಓಡ್ತಿದೆ."

ನಾನು ನಂಬಲಿಲ್ಲ. ನನ್ನ ಮೂರು ಪುಟ ಹೋಗಿತ್ತು. ಅವನು ಮಾತು ಬೆಳೆಸದೆ ಬೀಗದಕೈ ತೆಗೆದುಕೊಂಡು ಹೊರಟ. ಹಿಂದೆಯೇ ಗೇಟಿನವರೆಗೂ ಹೋದೆ. ಸೀತಾ ಅವಳ ಜಗುಲಿಯಲ್ಲಿದ್ದಳು. ಠಾಣೆಯಲ್ಲಿ ಅವಳು ಬರೆಸಿದ ಹೇಳಿಕೆ ತಮಿಳಿನಲ್ಲಿದೆ: ತಂದೆ ಗೇಟಿಗೆ ಬಂದು ಮಗನನ್ನು ಹೆಸರು ಹಿಡಿದು ಎರಡು ಸಲ ಕರೆದರು, ಸಾಯಿ, ಸಾಯಿ ಎಂದು; ಬೈಕಿನ ಸದ್ದಿಗೆ ಹುಡುಗನಿಗೆ ಕೇಳಿಸಲಿಲ್ಲ. ಅದನ್ನು ನನಗೆ ಓದಿ ಹೇಳಿದರು. ಕೆಳಗೆ ನಾನೂ ಸಹಿ ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಒಂದು ನಿಮಿಷವನ್ನೂ ತಪ್ಪು ಬರೆಯದವನು ಹಾಕಿದ ಸಹಿ ಅದು.

ನಮ್ಮ ರಿಜಿಸ್ಟರಿನಲ್ಲಿ ತಪ್ಪಾದದ್ದನ್ನು ಅಳಿಸುವಂತಿಲ್ಲ. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಅಮ್ಮನಿಗೆ ಹೇಳುವುದೋ ಬೇಡವೋ ನೀನು ನಿರ್ಧರಿಸು. ನಾನು ಕೊನೆಯನ್ನು ಎಳೆಯಲಿಲ್ಲ, ಭಾವನಾ. ಎರಡು ಸಲವೂ ಮೊಟಕಾಗಿಯೇ ಅಂದೆ. ಆ ಬೀದಿಯಲ್ಲಿ ಅದು ಅರ್ಥವಾಗುತ್ತಿದ್ದದ್ದು ಅವನೊಬ್ಬನಿಗೇ.

ಬೈಕು ಇನ್ನೂ ಸ್ಟಾರ್ಟ್ ಆಗಿರಲಿಲ್ಲ. ಹೆಸರು ಹಿಡಿದು ಕರೆದಿದ್ದರೆ ಅವನು ತಿರುಗುತ್ತಿದ್ದ.